ಬೆಟ್ಟದ ಕೆಳಗೆ ಬೇಡ, ಮೇಲೇ ಹೋಗೋಣ

ವಿಯೆನ್ನಾದಿಂದ ಲೂಸರ್ನ್‌ಗೆ ಅಂತ ರೈಲಿನ ಆ್ಯಪ್‌ನಲ್ಲಿ ಹಾಕಿದರೆ ಒಂಬತ್ತು ಗಂಟೆಯ ಆಸುಪಾಸಿನ ದಾರಿ ತೋರಿಸುತ್ತದೆ. ನಾನು ಮತ್ತು ಅಕ್ಕ ಅದಕ್ಕೆ ಏಳು ದಿನ ತೆಗೆದುಕೊಂಡೆವು. ಆಸ್ಟ್ರಿಯಾ, ಲೀಕ್ಟೆನ್‌ಸ್ಟೈನ್, ಸ್ವಿಟ್ಜರ್ಲೆಂಡ್, ಇಟಲಿ. ಹೀಗೆ ನಾಲ್ಕು ದೇಶ ಸುತ್ತಿ, ಆಲ್ಪ್ಸ್ ಪರ್ವತವನ್ನು ಮೂರು ಸಲ ಅಡ್ಡ ದಾಟಿ, ಕೊನೆಗೆ ಲೂಸರ್ನ್ ಸೇರಿದೆವು.

ಇದಕ್ಕೆಲ್ಲ ಕಾರಣ ಅಕ್ಕನ ಒಂದು ಮಾತು. ಮೊದಲ ಸಲ ನಾನು ಮಾಡಿದ್ದ ಪಟ್ಟಿಯಲ್ಲಿ ರಾತ್ರಿ ರೈಲು ಇತ್ತು. ವಿಯೆನ್ನಾದಲ್ಲಿ ಮಲಗಿದರೆ ಬೆಳಿಗ್ಗೆ ಜ್ಯೂರಿಕ್. ಒಂದು ದಿನ ಉಳೀತು ಅಂತ ನಾನು ಖುಷಿಯಲ್ಲಿದ್ದೆ. ಅಕ್ಕ ನೋಡಿ ನಕ್ಕಳು. "ಬೆಟ್ಟ ನೋಡೋಕೆ ಹೋಗ್ತಾ ಇದೀವೋ, ನಿದ್ದೆ ಮಾಡೋಕೋ? ಆರ್ಲ್‌ಬರ್ಗ್ ಘಾಟಿ ದಾಟೋದು ನಡುರಾತ್ರಿಲಿ ಕಣೋ." ಸರಿ, ಅದನ್ನು ಹೊಡೆದು ಹಾಕಿದೆ. ಎರಡನೇ ಪಟ್ಟಿಯಲ್ಲಿ ಹಗಲಿನ ರೈಲುಗಳೇ ಇದ್ದವು. ಆದರೆ ಆ್ಯಪ್ ಕೊಟ್ಟಿದ್ದನ್ನೇ ಬರೆದುಕೊಂಡಿದ್ದೆ. ಆಮೇಲೆ ನಕ್ಷೆ ಹಿಡಿದು ಕೂತಾಗ ಗೊತ್ತಾಯಿತು, ಆ್ಯಪ್‌ಗೆ ಗೊತ್ತಿರುವುದು ವೇಗ ಒಂದೇ. ಬೇಗ ಹೋಗುವ ಎಷ್ಟೋ ರೈಲುಗಳು ಈಗ ಬೆಟ್ಟದ ಬುಡದಲ್ಲಿ ತೂತು ಕೊರೆದುಕೊಂಡು ಹೋಗುತ್ತವೆ. ಅಂದರೆ ಅದು ಹೇಳಿದ ಹಾಗೆ ಹೋದರೆ, ಚೆನ್ನಾಗಿರುವ ಜಾಗದಲ್ಲೇ ಕಿಟಕಿಯ ಹೊರಗೆ ಕತ್ತಲೆ.

ಹಾಗಾಗಿ ಮೂರನೇ ಪಟ್ಟಿ. ಇದರಲ್ಲಿ ಪ್ರತಿ ಪ್ರಯಾಣಕ್ಕೂ 'ಈ ಊರಿನ ಮೂಲಕ' ಅಂತ ಒಂದು ಹೆಸರು ಸೇರಿಸಿದೆ. ಆ್ಯಪ್‌ಗಳಲ್ಲಿ ಆ ಜಾಗ ಇರುತ್ತದೆ, ಹುಡುಕಬೇಕು ಅಷ್ಟೆ. ಲೊಕಾರ್ನೊದಿಂದ ಲೂಸರ್ನ್ ಅಂದರೆ ಸುರಂಗದ ರೈಲು. 'ಗೋಶೆನೆನ್ ಮೂಲಕ' ಅಂದರೆ ಬೆಟ್ಟ ಹತ್ತುವ ಹಳೇ ದಾರಿ. ಒಂದು ಪದದ ವ್ಯತ್ಯಾಸ.

ಇನ್ನೆರಡು ಕಟ್ಟುಪಾಡು ಹಾಕಿಕೊಂಡೆವು. ಒಂದೇ ಒಂದು ದಿನ ಬಿಟ್ಟರೆ ಉಳಿದ ಯಾವ ದಿನವೂ ಐದು ಗಂಟೆಗಿಂತ ಜಾಸ್ತಿ ರೈಲಿನಲ್ಲಿ ಕೂರುವುದಿಲ್ಲ. ರೈಲು ಬದಲಿಸುವಾಗ, ಇದು ತಪ್ಪಿದರೆ ಹಿಂದೆಯೇ ಇನ್ನೊಂದು ಇರಬೇಕು. ಜೂನ್ ಆದ್ದರಿಂದ ರಾತ್ರಿ ಒಂಬತ್ತರವರೆಗೂ ಬೆಳಕು, ಆ ಚಿಂತೆ ಇರಲಿಲ್ಲ. ಆದರೆ ಬೇಸಿಗೆಯಲ್ಲೇ ಹಳಿ ಕೆಲಸಕ್ಕೆ ದಾರಿ ಮುಚ್ಚಿ ಬಸ್ಸಿಗೆ ಹತ್ತಿಸುತ್ತಾರೆ. ಹೊರಡುವ ಒಂದು ವಾರ ಮುಂಚೆ ಮತ್ತೆ ಎಲ್ಲಾ ರೈಲು ನೋಡಿದೆ. ಡಿಸೆಂಬರ್ ಮಧ್ಯದಲ್ಲಿ ಇಡೀ ಯುರೋಪಿನ ವೇಳಾಪಟ್ಟಿ ಬದಲಾಗುತ್ತದೆ, ಆ ಹೊತ್ತಿಗೆ ಹೋಗುವವರು ತುಂಬಾ ಮುಂಚೆ ಕೂತು ಪಟ್ಟಿ ಮಾಡಿ ಪ್ರಯೋಜನವಿಲ್ಲ.

ಪಾಸ್ ತೆಗೆದುಕೊಳ್ಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಯುರೋಪಿನಲ್ಲಿ ನೆಲೆಸಿರುವವರಿಗೆ ಇಂಟರ್‌ರೇಲ್, ಹೊರಗಿನವರಿಗೆ ಯುರೇಲ್. ದಿನವಿಡೀ ದೂರ ಹೋಗುವವರಿಗೆ ಅದು ಗಿಟ್ಟುತ್ತದೆ. ನಮ್ಮ ಹಾಗೆ ಎರಡು ಗಂಟೆ ಹೋಗಿ ಇಳಿದು ಅಡ್ಡಾಡುವವರಿಗೆ ಗಿಟ್ಟಲ್ಲ. ಪಾಸ್ ಇದ್ದರೂ ಕೆಲವು ರೈಲುಗಳಲ್ಲಿ ಸೀಟಿಗೆ ಬೇರೆ ಹಣ ಕಟ್ಟಬೇಕು. ನಾವು ಆಸ್ಟ್ರಿಯಾದ ಟಿಕೆಟ್ ಮುಂಚೆಯೇ ಅಗ್ಗಕ್ಕೆ ತೆಗೆದೆವು. ಸ್ವಿಟ್ಜರ್ಲೆಂಡ್‌ಗೆ ಅರ್ಧ ದರದ ಕಾರ್ಡ್. ಇಟಲಿಯಲ್ಲಿ ಪ್ಯಾಸೆಂಜರ್ ರೈಲು, ಅವತ್ತೇ ಹೋಗಿ ಟಿಕೆಟ್ ತಗೊಂಡರೂ ಅದೇ ಬೆಲೆ.

ನಾಲ್ಕೂ ದೇಶ ಶೆಂಗೆನ್ ಅನ್ನುವ ಒಂದೇ ವೀಸಾ ವಲಯದ ಒಳಗಿವೆ. ವೀಸಾ ಬೇಕಾದವರಿಗೆ ಒಂದೇ ಸಾಕು, ಆದರೆ ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ರಾತ್ರಿಗಳನ್ನು ಬೆರಳಲ್ಲಿ ಎಣಿಸಿದಾಗ ನಮ್ಮದು ಸ್ವಿಟ್ಜರ್ಲೆಂಡ್ ಅಂತ ಬಂತು.

ದಿನ 1: ವಿಯೆನ್ನಾ – ಸೆಮ್ಮರಿಂಗ್ – ಗ್ರಾಜ್

ವಿಯೆನ್ನಾ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಏನೂ ಇಲ್ಲ. ಬಯಲು, ಕಾರ್ಖಾನೆ, ಮತ್ತೆ ಬಯಲು. ಗ್ಲೋಗ್ನಿಟ್ಸ್ ದಾಟಿದ್ದೇ ರೈಲು ನಿಧಾನವಾಯಿತು, ಚಕ್ರ ಕಿರುಗುಟ್ಟಲು ಶುರುವಾಯಿತು. ಘಾಟಿ ಬಂತು ಅಂತ ಕಿವಿಗೇ ತಿಳಿಯಿತು.

ಸೆಮ್ಮರಿಂಗ್ ದಾರಿಯ ಕೆಲಸ ಶುರುವಾದದ್ದು 1848ರಲ್ಲಿ, ಮುಗಿದದ್ದು 1854ರಲ್ಲಿ. ಕಟ್ಟಿಸಿದವನು ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರ್. 41 ಕಿಲೋಮೀಟರಿನಲ್ಲಿ 14 ಸುರಂಗ, 16 ದೊಡ್ಡ ಕಮಾನು ಸೇತುವೆ. ನನಗೆ ಬಹಳ ಇಷ್ಟವಾದ ವಿಷಯ ಬೇರೆ. ಕೆಲಸ ಶುರು ಮಾಡಿದಾಗ ಈ ಏರು ಹತ್ತುವ ಇಂಜಿನ್ನೇ ಇರಲಿಲ್ಲ! ಹಳಿ ಹಾಕುತ್ತಾ ಹೋದರು. 1851ರಲ್ಲಿ ಒಂದು ಸ್ಪರ್ಧೆ ಇಟ್ಟು, ಯಾರ ಇಂಜಿನ್ ಹತ್ತುತ್ತದೋ ನೋಡೋಣ ಅಂದರು. ನಾನು ಆಫೀಸಿನಲ್ಲಿ ಹೀಗೆ ಯೋಜನೆ ಹಾಕಿದ್ದರೆ ಮನೆಗೆ ಕಳಿಸುತ್ತಿದ್ದರು.

ನಾವು ಸೆಮ್ಮರಿಂಗ್‌ನಲ್ಲಿ ಇಳಿದೆವು. ಸ್ಟೇಷನ್ನಿನಲ್ಲಿ ಗೇಗಾನ ಸ್ಮಾರಕ ಇದೆ. ಅಲ್ಲಿಂದ ಹಳಿಯ ಜೊತೆಗೇ ಒಂದು ಕಾಲುದಾರಿ ಹೋಗುತ್ತದೆ. ಪೈನ್ ಮರದ ನೆರಳು, ಕಾಲ ಕೆಳಗೆ ಒಣ ಸೂಜಿ ಎಲೆ. ಒಂದು ಗಂಟೆ ನಡೆದರೆ 'ಇಪ್ಪತ್ತು ಶಿಲ್ಲಿಂಗ್ ನೋಟ' ಅಂತ ಒಂದು ಜಾಗ. ಯೂರೋ ಬರುವ ಮುಂಚೆ ಆಸ್ಟ್ರಿಯಾದ 20 ಶಿಲ್ಲಿಂಗ್ ನೋಟಿನ ಒಂದು ಕಡೆ ಗೇಗಾನ ಮುಖ, ಇನ್ನೊಂದು ಕಡೆ ಈ ದಾರಿಯ ಚಿತ್ರ ಇತ್ತು. ಅದರಲ್ಲಿರುವುದು ಕಾಲ್ಟೆ ರಿನ್ನೆ ಸೇತುವೆ. ಎರಡು ಅಂತಸ್ತಿನ ಕಮಾನು, 46 ಮೀಟರ್ ಎತ್ತರ. ಹಿಂದೆ ಬಂಡೆಗಳ ಗೋಡೆ. ಒಂದು ಗೂಡ್ಸ್ ಬಂತು. ಬೋಗಿಗಳ ಮೇಲೆಲ್ಲ ಮರದ ದಿಮ್ಮಿ. ಇಂಜಿನ್ ಸೇತುವೆ ದಾಟಿ ಮರೆಯಾದ ಮೇಲೂ ಬಾಲ ಇನ್ನೂ ಬರುತ್ತಲೇ ಇತ್ತು.

"ಇದನ್ನೂ ಮುಚ್ಚಿಬಿಡ್ತಾರಾ?" ಅಂತ ಅಕ್ಕ ಕೇಳಿದಳು. ಇಲ್ಲ, ಆದರೆ ಕೆಳಗೆ 27 ಕಿಲೋಮೀಟರ್ ಉದ್ದದ ಹೊಸ ಸುರಂಗ ಸಿದ್ಧವಾಗುತ್ತಿದೆ. ಅದು ತೆರೆದ ದಿನದಿಂದ ವೇಗದ ರೈಲುಗಳು ಕೆಳಗೇ ಹೋಗುತ್ತವೆ. ನೋಡಬೇಕು ಅನ್ನುವವರು ಅದಕ್ಕೆ ಮುಂಚೆ ಹೋಗಿ ಬನ್ನಿ. 1998ರಿಂದ ಈ ದಾರಿ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹಳಿ ಕೀಳಲ್ಲ. ಆದರೆ ರೈಲು ಕಡಿಮೆಯಾಗುತ್ತವೆ ಅನ್ನುವುದು ನನ್ನ ಊಹೆ.

ರಾತ್ರಿ ಗ್ರಾಜ್. ಊರು ನೋಡಲು ಆಗಲಿಲ್ಲ, ಕಾಲು ನೋಯುತ್ತಿತ್ತು.

ದಿನ 2: ಗ್ರಾಜ್ – ಇನ್ಸ್‌ಬ್ರುಕ್ – ಖೂರ್

ಇದು ನಮ್ಮ ಕಟ್ಟುಪಾಡು ಮುರಿದ ದಿನ. ಗ್ರಾಜ್‌ನಿಂದ ಜ್ಯೂರಿಕ್‌ಗೆ 'ಟ್ರಾನ್ಸಾಲ್ಪಿನ್' ಅಂತ ಒಂದು ನೇರ ರೈಲು. ಪೂರ್ತಿ ಹೋದರೆ ಒಂಬತ್ತೂವರೆ ಗಂಟೆಗೂ ಮೇಲೆ. ನಾವು ಸಾರ್ಗನ್ಸ್‌ನಲ್ಲಿ ಇಳಿದು ಖೂರ್‌ಗೆ ಹೋಗಬೇಕಿತ್ತು.

ದೊಡ್ಡ ಗಾಜಿನ ಬೋಗಿ ಮೊದಲ ದರ್ಜೆಯವರಿಗೆ. ನಮ್ಮದು ಎರಡನೇ ದರ್ಜೆ. ಮೊದಲ ಅರ್ಧ ಗಂಟೆ ನನಗೆ ಸ್ವಲ್ಪ ಹೊಟ್ಟೆಯುರಿ. ಆಮೇಲೆ ಮರೆತೇಹೋಯಿತು, ನಮ್ಮ ಕಿಟಕಿಯೇನೂ ಸಣ್ಣದಲ್ಲ.

ಎನ್ಸ್ ನದಿಯ ಕಣಿವೆಯಲ್ಲಿ ಬಲಗಡೆ ಡಾಕ್‌ಸ್ಟೈನ್ ಬೆಟ್ಟಗಳು. ಕೆಳಗೆ ಹುಲ್ಲು ಕೊಯ್ದು ಸಾಲಾಗಿ ಹಾಸಿದ್ದಾರೆ, ಮೇಲೆ ಬೂದು ಬಂಡೆ. ಜೆಲ್ ಆಮ್ ಸೀ ಊರಿನಲ್ಲಿ ಹಳಿ ಕೆರೆಯ ದಂಡೆಯಲ್ಲೇ ಹೋಗುತ್ತದೆ. ಕಿಟ್ಸ್‌ಬ್ಯೂಲ್ ಬರುವ ಹೊತ್ತಿಗೆ ಅಕ್ಕ ನಿದ್ದೆ. ರಾತ್ರಿ ರೈಲು ಬೇಡ ಅಂದವಳು ಹಗಲು ರೈಲಿನಲ್ಲಿ ನಿದ್ದೆ ಮಾಡಿದಳು ಅಂತ ನಾನು ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಸಮಯ ಬಂದಾಗ ಬೇಕಾಗುತ್ತದೆ.

ಇನ್ಸ್‌ಬ್ರುಕ್ ಆದ ಮೇಲೆ ಆರ್ಲ್‌ಬರ್ಗ್ ಏರು. ಟ್ರಿಸಾನಾ ಸೇತುವೆ ಬರುತ್ತದೆ ಅಂತ ಅಕ್ಕನನ್ನು ಎಬ್ಬಿಸಿದೆ. ಒಂದು ಹಳೇ ಕೋಟೆ, ಅದರ ಪಕ್ಕದಲ್ಲೇ ಕಣಿವೆಯ ಮೇಲೆ ಸೇತುವೆ. ಕೆಳಗೆ ನೀರಿನವರೆಗೆ ಎಂಬತ್ತು ಮೀಟರಿಗೂ ಹೆಚ್ಚು. ಹಿಡಿದರೆ ಹತ್ತು ಸೆಕೆಂಡ್ ಸಿಗುತ್ತದೆ. ಆರ್ಲ್‌ಬರ್ಗ್ ಸುರಂಗ ಹತ್ತೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಈ ದಾರಿ ತೆರೆದದ್ದು 1884ರಲ್ಲಿ. ಮುಖ್ಯ ಎಂಜಿನಿಯರ್ ಯೂಲಿಯುಸ್ ಲೋಟ್ ಅದಕ್ಕೆ ಒಂದು ವರ್ಷ ಮೊದಲೇ ತೀರಿಹೋಗಿದ್ದ. ಹೀಗೆ ತಾನು ಕಟ್ಟಿದ ದಾರಿಯಲ್ಲಿ ರೈಲು ಓಡಿದ್ದು ನೋಡದವನು ಇವನೊಬ್ಬನೇ ಅಲ್ಲ. ಇನ್ನೊಬ್ಬ ಏಳನೇ ದಿನ ಸಿಗುತ್ತಾನೆ.

ಫೆಲ್ಡ್‌ಕಿರ್ಖ್ ದಾಟಿದ ಮೇಲೆ ಲೀಕ್ಟೆನ್‌ಸ್ಟೈನ್. ಇಡೀ ದೇಶ 160 ಚದರ ಕಿಲೋಮೀಟರ್. ಹಳಿ ಇರುವುದು ಒಂಬತ್ತು ಕಿಲೋಮೀಟರ್, ಅದನ್ನೂ ನಡೆಸುವುದು ಆಸ್ಟ್ರಿಯಾದ ರೈಲ್ವೆ. ಅಕ್ಕ ಚೀಲದಿಂದ ಒಂದು ಸೇಬು ತೆಗೆದಳು. "ಯಾವಾಗ ಬರತ್ತೆ?" ಅಂದಳು. ಬಂದಿದೆ ಅಂದೆ. ಸೇಬು ಮುಗಿಯುವ ಮುಂಚೆ ರೈನ್ ನದಿ ದಾಟಿ ಸ್ವಿಟ್ಜರ್ಲೆಂಡ್‌ನ ಬುಖ್ಸ್‌ಗೆ ಬಂದೆವು. ಅಲ್ಲಿ ಇಂಜಿನ್ ಇನ್ನೊಂದು ತುದಿಗೆ ಬಂತು, ಅಲ್ಲಿಯವರೆಗೆ ಮುಂದಕ್ಕೆ ಹೋಗುತ್ತಿದ್ದ ನಾವು ಹಿಂದಕ್ಕೆ ಹೋಗತೊಡಗಿದೆವು. ಸೀಟು ಕಾಯ್ದಿರಿಸುವಾಗ 'ಮುಂದೆ ಮುಖ' ಅಂತ ಹಠ ಮಾಡಿ ಆರಿಸುವವರು ಇದನ್ನು ನೆನಪಿಡಿ.

ಖೂರ್‌ನಲ್ಲಿ ಒಂದು ಪೆದ್ದುತನ. ನಾನು ವಿಯೆನ್ನಾದಲ್ಲಿ ಒಂದು ದಪ್ಪ ಗುಂಡನೆಯ ಪ್ಲಗ್ ಕೊಂಡಿದ್ದೆ. ಯುರೋಪಿಗೆಲ್ಲ ಆಗುತ್ತದೆ ಅಂದುಕೊಂಡಿದ್ದೆ. ಸ್ವಿಟ್ಜರ್ಲೆಂಡಿನ ಸಾಕೆಟ್ ಗೋಡೆಯೊಳಗೆ ಆರು ಮೂಲೆಯ ಸಣ್ಣ ಗುಂಡಿ. ದಪ್ಪ ಪ್ಲಗ್ ಒಳಗೇ ಹೋಗುವುದಿಲ್ಲ. ಟಿಕೆಟ್ ಎಲ್ಲಾ ಮೊಬೈಲಿನಲ್ಲಿ, ಅದರಲ್ಲಿ ಒಂಬತ್ತು ಪರ್ಸೆಂಟ್ ಚಾರ್ಜ್! ಅಕ್ಕನ ಹತ್ತಿರ ಎರಡೇ ಕಡ್ಡಿಯ ತೆಳ್ಳನೆಯ ಪ್ಲಗ್ ಇತ್ತು. ಅದು ನಾಲ್ಕೂ ದೇಶದಲ್ಲಿ ನಡೆಯಿತು. "ಪಟ್ಟಿಯಲ್ಲಿ ಇದನ್ನ ಬರೀಲಿಲ್ವೇನೋ?" ಅಂದಳು. ಅವತ್ತು ರಾತ್ರಿಯೇ ಟಿಕೆಟ್ಟುಗಳನ್ನೆಲ್ಲ ಹೋಟೆಲಿನವರ ಹತ್ತಿರ ಕಾಗದಕ್ಕೆ ಇಳಿಸಿಕೊಂಡೆ.

ದಿನ 3: ಖೂರ್ – ಫಿಲಿಜೂರ್ – ಬೆರ್ಗ್ಯೂನ್

ಬೆಳಿಗ್ಗೆ ಕೆಂಪು ರೈಲು ಹತ್ತಿದೆವು. ಇದು ರೇಟಿಯನ್ ರೈಲ್ವೆ, ಮೀಟರ್ ಗೇಜ್. ಹಳಿ ಅಗಲ ಕಡಿಮೆ ಇದ್ದರೆ ತಿರುವು ಬಿಗಿಯಾಗಿ ಮಾಡಬಹುದು, ಅದಕ್ಕೇ ಬೆಟ್ಟದಲ್ಲಿ ಇದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲರೂ ಕೇಳುವುದು 'ಬರ್ನೀನಾ ಎಕ್ಸ್‌ಪ್ರೆಸ್'. ಅದು ಪ್ರವಾಸಿಗರಿಗೆಂದೇ ಓಡಿಸುವ ರೈಲು. ಅದಕ್ಕೆ ಸೀಟು ಕಾಯ್ದಿರಿಸುವುದು ಕಡ್ಡಾಯ, ಬೇರೆ ಹಣ. ಕಿಟಕಿ ತೆರೆಯಲ್ಲ, ಫೋಟೋದಲ್ಲಿ ನಿಮ್ಮದೇ ಮೂಗು ಕಾಣುತ್ತದೆ. ಅದೇ ಹಳಿಯ ಮೇಲೆ ದಿನವಿಡೀ ಸಾಮಾನ್ಯ ರೈಲು ಓಡುತ್ತವೆ. ಕಾಯ್ದಿರಿಸುವುದೇ ಬೇಡ, ಎಲ್ಲಿ ಬೇಕೋ ಇಳಿದು ಮುಂದಿನದು ಹತ್ತಬಹುದು. ಕೆಲವು ಬೋಗಿಗಳಲ್ಲಿ ಕಿಟಕಿ ಕೆಳಗಿಳಿಸಬಹುದು. ಹೆಸರಿಗೆ ಹಣ ಕೊಡುವುದು ಬೇಡ ಅಂತ ನನ್ನ ಅಭಿಪ್ರಾಯ. ಅವಸರದಲ್ಲಿರುವವರಿಗೆ, ವಯಸ್ಸಾದವರ ಜೊತೆ ಹೋಗುವವರಿಗೆ ಎಕ್ಸ್‌ಪ್ರೆಸ್ ಸರಿ, ರೈಲು ಬದಲಿಸುವ ಕಷ್ಟ ಇಲ್ಲ.

ಲಾಂಡ್‌ವಾಸರ್ ಸೇತುವೆ ಫಿಲಿಜೂರ್‌ಗೆ ಸ್ವಲ್ಪ ಮುಂಚೆ ಬರುತ್ತದೆ. ನಾನು ಕಿಟಕಿ ಇಳಿಸಿ ತಲೆ ಸ್ವಲ್ಪ ಹೊರಗೆ ಹಾಕಿದ್ದೆ. ರೈಲು ಬಲಕ್ಕೆ ಬಾಗಿತು, ಮುಂದಿನ ಬೋಗಿಗಳು ಕಮಾನಿನ ಮೇಲೆ ಕಂಡವು, ಎದುರಿಗೆ ಲಂಬವಾಗಿ ಒಂದು ಬಂಡೆ. ಬಂಡೆಯಲ್ಲಿ ಒಂದು ತೂತು. ಸೇತುವೆ ಮುಗಿಯುವುದೇ ಆ ತೂತಿನ ಬಾಯಲ್ಲಿ. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು, ಕತ್ತಲೆ.

ಫಿಲಿಜೂರ್‌ನಲ್ಲಿ ಇಳಿದು, ಅರ್ಧ ಗಂಟೆ ಹಿಂದಕ್ಕೆ ನಡೆದು ಅದೇ ಸೇತುವೆಯ ಬುಡಕ್ಕೆ ಹೋದೆವು. 65 ಮೀಟರ್ ಎತ್ತರ, ಆರು ಕಮಾನು. 1902ರಲ್ಲಿ ಕಟ್ಟಿ ಮುಗಿಸಿದರು, ಅದೂ ಕೆಳಗಿನಿಂದ ಅಟ್ಟಣಿಗೆ ಕಟ್ಟದೆ. ಕಂಬದ ಬುಡದ ಕಲ್ಲಿಗೆ ಕೈಯಿಟ್ಟೆ. ಒರಟು, ತಣ್ಣಗೆ, ಸಂದಿಯಲ್ಲಿ ಹಸಿರು ಪಾಚಿ. ಮೇಲೆ ರೈಲು ಬಂದಾಗ ಮೊದಲು ಸದ್ದಿಲ್ಲ. ಬಂಡೆಯೊಳಗಿಂದ ಕೆಂಪು ಮೂತಿ ಹೊರಬಂದ ಮೇಲೆ ಒಂದು ಕ್ಷಣ ತಡವಾಗಿ ಸದ್ದು ಕೆಳಗಿಳಿಯುತ್ತದೆ. ಒಂದು ರೈಲು ನೋಡಿ ಹೋಗೋಣ ಅಂದಿದ್ದು, ನಾಲ್ಕು ನೋಡಿದೆವು.

ರಾತ್ರಿ ಬೆರ್ಗ್ಯೂನ್‌ನಲ್ಲಿ. ಸಣ್ಣ ಊರು, ದಪ್ಪ ಗೋಡೆಯ ಮನೆಗಳು, ಗೋಡೆಯ ಮೇಲೆ ಗೀರಿ ಮಾಡಿದ ಚಿತ್ತಾರ. ಇಲ್ಲೊಂದು ರೈಲು ಸಂಗ್ರಹಾಲಯವೂ ಇದೆ. ನಾನು ಎರಡು ಗಂಟೆ ಇದ್ದೆ, ಅಕ್ಕ ಹತ್ತು ನಿಮಿಷ.

ದಿನ 4: ಬೆರ್ಗ್ಯೂನ್ – ಓಸ್ಪಿಜಿಯೊ ಬರ್ನೀನಾ – ತಿರಾನೊ

ಇಡೀ ಪ್ರವಾಸದಲ್ಲಿ ಒಂದೇ ದಿನ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ.

ಬೆರ್ಗ್ಯೂನ್‌ನಿಂದ ಮುಂದಿನ ಊರು ಪ್ರೇದಾ. ನೇರವಾಗಿ ಅಳೆದರೆ ಐದಾರು ಕಿಲೋಮೀಟರ್. ಆದರೆ 416 ಮೀಟರ್ ಮೇಲೆ. ಕಣಿವೆ ಕಡಿದಾಗಿದೆ, ರೈಲು ನೇರ ಹತ್ತಲಾರದು. ಅದಕ್ಕೆ ಹಳಿಯನ್ನು ದಾರದ ಹಾಗೆ ಸುತ್ತಿ ಸುತ್ತಿ 12 ಕಿಲೋಮೀಟರಿಗೂ ಉದ್ದ ಮಾಡಿದ್ದಾರೆ. ಬೆಟ್ಟದೊಳಗೆ ಹೋಗಿ ಒಂದು ಸುತ್ತು ಹಾಕಿ, ಮೇಲೆ ಹೊರಬರುವುದು. ಬೆಳಿಗ್ಗೆ ಕಾಫಿ ಕುಡಿದ ಊರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಪ್ರತಿ ಸಲ ಸ್ವಲ್ಪ ಸಣ್ಣದಾಗಿ. ಎದುರು ಸೀಟಿನ ಹುಡುಗ ಕೈ ಬೆರಳಿನಿಂದ ಸುತ್ತು ಎಣಿಸುತ್ತಿದ್ದ. ಮೂರಕ್ಕೆ ತಪ್ಪಿ ಮತ್ತೆ ಒಂದರಿಂದ ಶುರು ಮಾಡಿದ. ನನ್ನದೂ ಅದೇ ಕಥೆ.

2022ರ ಅಕ್ಟೋಬರಿನಲ್ಲಿ ಇದೇ ದಾರಿಯಲ್ಲಿ ನೂರು ಬೋಗಿಯ, 1.9 ಕಿಲೋಮೀಟರ್ ಉದ್ದದ ರೈಲು ಓಡಿಸಿ ವಿಶ್ವ ದಾಖಲೆ ಮಾಡಿದರು. ಮೂತಿ ಒಂದು ಸುತ್ತಿನಲ್ಲಿ, ಬಾಲ ಇನ್ನೊಂದು ಸುತ್ತಿನಲ್ಲಿ ಇದ್ದಿರಬೇಕು.

ಪ್ರೇದಾ ಆದ ಮೇಲೆ ಆಲ್ಬುಲಾ ಸುರಂಗ. ಇಲ್ಲೂ ಹಳೆಯದರ ಪಕ್ಕ ಹೊಸದು ಕೊರೆದು 2024ರ ಜೂನ್‌ನಲ್ಲಿ ತೆರೆದಿದ್ದಾರೆ. ಆದರೆ ಇದು ಅದೇ ಎತ್ತರದಲ್ಲಿದೆ, ನೋಟ ಕದಿಯುವುದಿಲ್ಲ. ಹಾಗಾಗಿ ನನ್ನ ತಕರಾರಿಲ್ಲ.

ಸಮೇದಾನ್‌ನಲ್ಲಿ ಒಂದು ಸಲ, ಪೊಂಟ್ರೆಸೀನಾದಲ್ಲಿ ಇನ್ನೊಂದು ಸಲ ಬದಲಿಸಿ ಬರ್ನೀನಾ ದಾರಿಗೆ ಬಂದೆವು. ಬಲಗಡೆ ಕೂತುಕೊಳ್ಳಿ. ಮೊದಲು ಮೊರ್ತೆರಾಚ್ ಹಿಮನದಿ, ಆಮೇಲೆ ಮರಗಳು ಕುಳ್ಳಗಾಗಿ, ಆಮೇಲೆ ಮರವೇ ಇಲ್ಲ. ಇಲ್ಲಿ ಏರು ನೂರಕ್ಕೆ ಏಳು. ಅಂದರೆ ಒಂದು ಕಿಲೋಮೀಟರಿಗೆ 70 ಮೀಟರ್. ಮೊದಲ ದಿನದ ಸೆಮ್ಮರಿಂಗ್‌ನಲ್ಲಿ ಜಾಸ್ತಿ ಅಂದರೆ 28. ಇಷ್ಟಾದರೂ ಹಲ್ಲಿನ ಹಳಿ ಇಲ್ಲ, ಬರೀ ಚಕ್ರದ ಹಿಡಿತ.

ಓಸ್ಪಿಜಿಯೊ ಬರ್ನೀನಾ ಸ್ಟೇಷನ್ 2,253 ಮೀಟರ್ ಎತ್ತರದಲ್ಲಿದೆ. ಅಲ್ಲಲ್ಲಿ ಕೊಳಕು ಹಿಮದ ಗುಡ್ಡೆ. ಪಕ್ಕದಲ್ಲೇ ಎರಡು ಕೆರೆ. ಒಂದು ಕಪ್ಪು, ಇನ್ನೊಂದು ಬಿಳಿ. ಹೆಸರೂ ಅದೇ, ಲೇಯ್ ನೈರ್ ಅಂದರೆ ಕಪ್ಪು ಕೆರೆ, ಲಾಗೊ ಬಿಯಾಂಕೊ ಅಂದರೆ ಬಿಳಿ ಕೆರೆ. ಹಿಮನದಿ ಅರೆದ ಕಲ್ಲಿನ ಪುಡಿ ಸೇರಿ ಬಿಳಿ ಕೆರೆಯ ನೀರು ಹಾಲು ಬೆರೆಸಿದ ಹಾಗಿರುತ್ತದೆ. ಕಪ್ಪು ಕೆರೆಯ ನೀರು ಇನ್ ನದಿ ಸೇರಿ, ಡ್ಯಾನ್ಯೂಬ್ ಸೇರಿ, ಕಪ್ಪು ಸಮುದ್ರಕ್ಕೆ. ಬಿಳಿ ಕೆರೆಯ ನೀರು ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ನಡುವೆ ಇರುವ ನೆಲ ನಾಲ್ಕು ಹೆಜ್ಜೆಯಷ್ಟು. ಅಕ್ಕ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಚೆಲ್ಲಿದಳು. "ಎರಡೂ ಕಡೆ ಹೋಗ್ಲಿ ಬಿಡು."

ಆಲ್ಪ್ ಗ್ರ್ಯೂಮ್‌ನಲ್ಲಿ ಇಳಿದು ಒಂದು ರೈಲು ಬಿಟ್ಟೆವು. ಈ ಸ್ಟೇಷನ್ನಿಗೆ ರಸ್ತೆಯಿಲ್ಲ. ರೈಲಿನಲ್ಲಿ ಬರಬೇಕು, ಇಲ್ಲಾ ನಡೆದು ಬರಬೇಕು. ಎದುರಿಗೆ ಪಾಲ್ಯೂ ಹಿಮನದಿ, ಕೆಳಗೆ ಪಾತಾಳದಲ್ಲಿ ಪೊಸ್ಕಿಯಾವೊ ಕಣಿವೆ. ನಾವು ಇಳಿಯಬೇಕಾದ ಜಾಗ ಅದೇ. ಇಲ್ಲಿಂದ ಪೊಸ್ಕಿಯಾವೊಗೆ ಸಾವಿರ ಮೀಟರಿಗೂ ಮಿಕ್ಕಿ ಇಳಿತ. ರೈಲು ಬೆಟ್ಟದ ಮೈಮೇಲೆ ಅತ್ತಿಂದಿತ್ತ ತಿರುಗುತ್ತಾ ಇಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒಂದು ಬಟ್ಟೆ ಕಳಚುವ ಹಾಗೆ ಸೆಕೆ ಏರಿತು. ಹಿಮ ಹೋಗಿ ಪೈನ್, ಪೈನ್ ಹೋಗಿ ಚೆಸ್ಟ್‌ನಟ್. ಬ್ರೂಸಿಯೊದಲ್ಲಿ ರೈಲು ಬಯಲಿನಲ್ಲೇ ಒಂದು ವೃತ್ತ ಸುತ್ತಿ, ತಾನು ಬಂದ ಕಮಾನಿನ ಕೆಳಗೇ ನುಸುಳುತ್ತದೆ. ತಿರಾನೊ ತಲುಪಿದಾಗ ಎತ್ತರ 429 ಮೀಟರ್. ಊರೊಳಗೆ ದೊಡ್ಡ ಚರ್ಚಿನ ಮುಂದೆ ರೈಲು ರಸ್ತೆಯಲ್ಲೇ ಬಂತು, ಕಾರುಗಳು ನಿಂತು ದಾರಿ ಬಿಟ್ಟವು.

ರಾತ್ರಿ ಪಿಜೊಕ್ಕೆರಿ ತಿಂದೆವು. ಬಕ್‌ವೀಟ್ ಅನ್ನುವ ಧಾನ್ಯದ ಹಿಟ್ಟಿನ ಪಾಸ್ತಾ. ಜೊತೆಗೆ ಆಲೂಗಡ್ಡೆ, ಕೋಸು, ಬೆಣ್ಣೆ, ಚೀಸ್. ಈ ಕಣಿವೆಯದೇ ಅಡುಗೆ. ಒಂದು ತಟ್ಟೆ ಇಬ್ಬರಿಗೆ ಸಾಕು, ನಾವು ಎರಡು ಹೇಳಿದ್ದೆವು.

ದಿನ 5: ತಿರಾನೊ – ವರೆನ್ನಾ – ಮಿಲಾನ್

ತಿರಾನೊದಲ್ಲಿ ಎರಡು ಸ್ಟೇಷನ್ ಅಕ್ಕಪಕ್ಕ. ಒಂದು ಸ್ವಿಸ್, ಒಂದು ಇಟಾಲಿಯನ್. ಮೆಷಿನ್ನಿನಲ್ಲಿ ಕಾಗದದ ಟಿಕೆಟ್ ತೆಗೆದು ಬೋಗಿಯಲ್ಲಿ ಕೂತೆವು. ಹೊರಗೆ ಒಬ್ಬ ಅಜ್ಜ ತನ್ನ ಟಿಕೆಟ್ಟನ್ನು ಗೋಡೆಯ ಒಂದು ಸಣ್ಣ ಪೆಟ್ಟಿಗೆಗೆ ತೂರಿಸುತ್ತಿದ್ದ. ಟಕ್ ಅಂತ ಸದ್ದು. ಆಗ ನೆನಪಾಯಿತು. ಇಟಲಿಯಲ್ಲಿ ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಮುದ್ರೆ ಒತ್ತಿಸಬೇಕು, ಇಲ್ಲದಿದ್ದರೆ ದಂಡ. ನನ್ನ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೆ. ಪಟ್ಟಿ ಸೂಟ್‌ಕೇಸಿನ ತಳದಲ್ಲಿತ್ತು. ಓಡಿ ಹೋಗಿ ಟಕ್ ಟಕ್ ಅನ್ನಿಸಿ ಹಾರಿ ಹತ್ತಿದೆ, ಬಾಗಿಲು ಮುಚ್ಚಿತು.

ಕೋಲಿಕೊ ಬಂದ ಮೇಲೆ ಕೋಮೊ ಸರೋವರ, ಬಲಗಡೆ. ಪೂರ್ವ ದಂಡೆಯ ಗುಂಟ ಸುರಂಗ, ನೀರು, ಸುರಂಗ, ನೀರು. ವರೆನ್ನಾದಲ್ಲಿ ಮೂರು ಗಂಟೆ ಇಳಿದೆವು. ಚಂದದ ಊರು, ಆದರೆ ಎಲ್ಲಾ ಕಡೆ ಕಲ್ಲಿನ ಮೆಟ್ಟಿಲು. ಚಕ್ರದ ಸೂಟ್‌ಕೇಸ್ ಎತ್ತಿಕೊಂಡು ಇಳಿದು ಮತ್ತೆ ಎತ್ತಿಕೊಂಡು ಹತ್ತಿದ್ದೇ ನೆನಪಿದೆ. ಬೆನ್ನಿಗೆ ಹಾಕುವ ಚೀಲ ತನ್ನಿ, ಅಷ್ಟೆ.

ಮಿಲಾನ್ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಸೆಂಟ್ರಲ್ ಸ್ಟೇಷನ್ ಭಾರೀ ದೊಡ್ಡದು. ಹೋಟೆಲ್ ಸೆಕೆ.

ದಿನ 6: ಮಿಲಾನ್ – ಡೊಮೊಡೊಸೋಲಾ – ಲೊಕಾರ್ನೊ

ಮಳೆ. ಸ್ತ್ರೇಸಾ ಹತ್ತಿರ ಮಜ್ಜೋರೆ ಸರೋವರದ ದ್ವೀಪಗಳು ಬೂದು ನೀರಿನಲ್ಲಿ ಅರೆಬರೆ ಕಂಡವು.

ಡೊಮೊಡೊಸೋಲಾದಿಂದ ಹೆಚ್ಚಿನವರು ಸಿಂಪ್ಲಾನ್ ಸುರಂಗ ಹಿಡಿದು ಸ್ವಿಟ್ಜರ್ಲೆಂಡ್‌ಗೆ ಹೋಗುತ್ತಾರೆ. 1906ರಲ್ಲಿ ತೆರೆದದ್ದು, ಹತ್ತಿರ ಹತ್ತಿರ 20 ಕಿಲೋಮೀಟರ್ ಕತ್ತಲೆ. ನಾವು ಬಲಕ್ಕೆ ತಿರುಗಿ ಚೆಂಟೊವಾಲಿ ರೈಲು ಹಿಡಿದೆವು. ಚೆಂಟೊವಾಲಿ ಅಂದರೆ ನೂರು ಕಣಿವೆ. 52 ಕಿಲೋಮೀಟರ್, ಸುಮಾರು ಎರಡು ಗಂಟೆ, 1923ರಲ್ಲಿ ಶುರುವಾದ ದಾರಿ. ತಮಾಷೆ ಏನೆಂದರೆ ಇದರ ಎರಡೂ ತುದಿಯ ಸ್ಟೇಷನ್ ನೆಲದಡಿ ಇದೆ. ಮೆಟ್ಟಿಲಿಳಿದು ಕತ್ತಲಲ್ಲಿ ಹತ್ತಬೇಕು. "ಮೇಲೆ ಹೋಗೋಣ ಅಂದು ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ?" ಅಂದಳು ಅಕ್ಕ.

ಈ ರೈಲಿನಲ್ಲಿ ದೊಡ್ಡ ಹಿಮದ ಬೆಟ್ಟ ಇಲ್ಲ. ಎಲ್ಲಾ ಹತ್ತಿರ ಹತ್ತಿರ. ಕೈ ಚಾಚಿದರೆ ಸಿಗುವ ಕಾಡು, ಕಲ್ಲಿನ ಚಾವಣಿಯ ಮನೆ, ಕಮಾನು ದಾಟುವಾಗ ಕೆಳಗೆ ಬಿಳೀ ನೊರೆ. ಮಳೆಗೆ ಪ್ರತಿ ಬಂಡೆಯಿಂದಲೂ ಒಂದು ಸಣ್ಣ ಜಲಪಾತ ಇಳಿಯುತ್ತಿತ್ತು. ಬಿಸಿಲಿದ್ದರೆ ಇದು ಸಿಗುತ್ತಿರಲಿಲ್ಲ. ಮಳೆ ಬಂದರೆ ಬೇಜಾರಾಗಬೇಡಿ ಅಂತ ಈ ದಾರಿಗೆ ಮಾತ್ರ ಹೇಳಬಲ್ಲೆ, ಬರ್ನೀನಾದಲ್ಲಿ ಮೋಡ ಕವಿದಿದ್ದರೆ ನಾನೂ ಅತ್ತುಬಿಡುತ್ತಿದ್ದೆ.

ಸಾಂತಾ ಮರಿಯಾ ಮಜ್ಜೋರೆ ಅನ್ನುವ ಊರಿನಲ್ಲಿ ಚಿಮಣಿ ಸ್ವಚ್ಛ ಮಾಡುವವರ ಸಂಗ್ರಹಾಲಯ ಇದೆ. ಈ ಕಣಿವೆಯ ಬಡ ಹುಡುಗರು ಆ ಕೆಲಸಕ್ಕೆ ದೂರದ ಊರುಗಳಿಗೆ ಹೋಗುತ್ತಿದ್ದರು. ಸಣ್ಣ ಮೈ ಇದ್ದವರೇ ಚಿಮಣಿಯೊಳಗೆ ಇಳಿಯಬಹುದು, ಹಾಗಾಗಿ ಮಕ್ಕಳು. ರೈಲು ಬರುವ ಮುಂಚೆ ಅವರೆಲ್ಲ ಈ ಬೆಟ್ಟ ನಡೆದೇ ದಾಟಿದವರು. ಅಕ್ಕ ಅದನ್ನು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೇ ನೋಡುತ್ತಿದ್ದಳು.

ದಿನ 7: ಲೊಕಾರ್ನೊ – ಗೋಶೆನೆನ್ – ಲೂಸರ್ನ್

ಪಟ್ಟಿಯ ಆ ಒಂದು ಪದದ ದಿನ. ತಾಮ್ರದ ಬಣ್ಣದ ರೈಲು, ಸೀಟು ಕಾಯ್ದಿರಿಸುವ ಗೊಡವೆ ಇಲ್ಲ. 2016ರ ಜೂನ್ 1ರಂದು ಗೊಥಾರ್ಡ್ ಬೇಸ್ ಸುರಂಗ ತೆರೆದರು. 57 ಕಿಲೋಮೀಟರ್, ಜಗತ್ತಿನಲ್ಲೇ ಉದ್ದದ ರೈಲು ಸುರಂಗ. ಇಪ್ಪತ್ತು ನಿಮಿಷದಲ್ಲಿ ಇಡೀ ಪರ್ವತ ಮುಗಿಯುತ್ತದೆ. ಅಂದಿನಿಂದ ಹಳೇ ದಾರಿಯನ್ನು ಕೇಳುವವರು ಕಡಿಮೆ. 2023ರ ಆಗಸ್ಟ್‌ನಲ್ಲಿ ಹೊಸ ಸುರಂಗದೊಳಗೆ ಗೂಡ್ಸ್ ಹಳಿ ತಪ್ಪಿ, ಪೂರ್ತಿ ಸರಿಯಾಗಲು ಒಂದು ವರ್ಷ ಹಿಡಿಯಿತು. ಆಗ ಈ ಮುದಿ ದಾರಿಯೇ ಮತ್ತೆ ರೈಲುಗಳನ್ನು ಹೊತ್ತು ದಾಟಿಸಿತು.

ಹಳೇ ಸುರಂಗ 15 ಕಿಲೋಮೀಟರ್, ಐರೋಲೊದಿಂದ ಗೋಶೆನೆನ್‌ಗೆ. ಎರಡನೇ ದಿನ ಹೇಳಿದ್ದ ಇನ್ನೊಬ್ಬ ಇಲ್ಲಿದ್ದಾನೆ. ಗುತ್ತಿಗೆದಾರ ಲೂಯಿ ಫಾವ್ರ್. 1879ರ ಜುಲೈನಲ್ಲಿ ಸುರಂಗದೊಳಗೆ ಕೆಲಸ ನೋಡುತ್ತಿರುವಾಗಲೇ ಕುಸಿದು ಸತ್ತ. ಏಳು ತಿಂಗಳ ನಂತರ, ಎರಡು ಕಡೆಯಿಂದ ಕೊರೆದವರ ನಡುವೆ ಸಣ್ಣ ತೂತು ಬಿದ್ದಾಗ, ಆ ತೂತಿನೊಳಗೆ ಕೆಲಸಗಾರರು ಮೊದಲು ದಾಟಿಸಿದ್ದು ಅವನ ಚಿತ್ರ ಇದ್ದ ಒಂದು ತಗಡಿನ ಡಬ್ಬಿ. ರೈಲು ಓಡಿದ್ದು 1882ರಲ್ಲಿ. ಕೊರೆಯುವಾಗ ಸತ್ತವರ ಅಧಿಕೃತ ಲೆಕ್ಕವೇ 199.

ಸುರಂಗದಿಂದ ಹೊರಬಂದರೆ ವಾಸೆನ್. ಗುಡ್ಡದ ಮೇಲೆ ಒಂದು ಬಿಳೀ ಚರ್ಚ್. ರೈಲು ಇಲ್ಲೂ ಬೆಟ್ಟದೊಳಗೆ ಸುತ್ತಿ ಇಳಿಯುತ್ತದೆ. ಮೊದಲು ಚರ್ಚು ನಮ್ಮ ಕೆಳಗೆ. ಕತ್ತಲೆ. ಆಮೇಲೆ ನಮ್ಮ ಸಮಕ್ಕೆ. ಕತ್ತಲೆ. ಆಮೇಲೆ ತಲೆಯೆತ್ತಿ ನೋಡುವ ಹಾಗೆ ಮೇಲೆ. ಬೆರ್ಗ್ಯೂನ್‌ನಲ್ಲಿ ಎಣಿಕೆ ತಪ್ಪಿದ್ದ ನಾನು ಇಲ್ಲಿ ಸರಿಯಾಗಿ ಮೂರು ಎಣಿಸಿದೆ.

ಎರ್ಸ್ಟ್‌ಫೆಲ್ಡ್ ಹತ್ತಿರ ಕಣಿವೆ ಅಗಲವಾಯಿತು. ಹೊಸ ಸುರಂಗದ ಬಾಯಿ ಇರುವುದು ಇಲ್ಲೇ. ನಮ್ಮ ಹಳಿಯ ಪಕ್ಕಕ್ಕೆ ಇನ್ನೊಂದು ಹಳಿ ಬಂದು ಸೇರಿತು. ಅದರ ಮೇಲೆ ಹಿಂದಿನಿಂದ ಒಂದು ಉದ್ದನೆಯ ಎಕ್ಸ್‌ಪ್ರೆಸ್ ಬಂದು, ಕ್ಷಣದಲ್ಲಿ ನಮ್ಮನ್ನು ದಾಟಿ ಹೋಯಿತು. ನಾವು ಲೊಕಾರ್ನೊ ಬಿಟ್ಟಾಗ ಅದು ಇನ್ನೂ ಹೊರಟೇ ಇರಲಿಲ್ಲವೋ ಏನೋ.

ಅಕ್ಕ ಅದಕ್ಕೆ ಕೈ ಬೀಸಿದಳು. ಯಾರೂ ನೋಡಿದ ಹಾಗೆ ಕಾಣಲಿಲ್ಲ.

"ಪಾಪ, ಅವರಿಗೆ ಚರ್ಚ್ ಸಿಗ್ಲಿಲ್ಲ" ಅಂದಳು. ಕಿಟಕಿಯ ಆಚೆ ಆಗಲೇ ಲೂಸರ್ನ್ ಸರೋವರದ ನೀರು ಕಾಣುತ್ತಿತ್ತು.